ರಾತ್ರಿಯ ರಕ್ತ

ಎಂಟೂವರೆಗೆ ಮೊದಲು ಹೋಗಿ ಪ್ರಯೋಜನವಿಲ್ಲ.
ಆನೆಕಾಲಿನ ಹುಳು ಹಗಲಿಡೀ ಒಳಗೆಲ್ಲೋ ಅಡಗಿದ್ದು
ಮೈ ನೆಲಕ್ಕೊರಗಿದ ಮೇಲೆಯೇ
ರಕ್ತದ ಬೀದಿಗಿಳಿಯುತ್ತದೆ.
ಹಾಗಾಗಿ ನಾವೂ, ಗ್ರೆಗರಿಯ ಜೀಪಿನಲ್ಲಿ,
ಟಾರ್ಚು, ಗಾಜಿನ ಪಟ್ಟಿ, ಸ್ಪಿರಿಟ್ಟು, ಹತ್ತಿ,
ಕಟಪಾಡಿ ದಾಟಿ ಮಟ್ಟುವಿನ ಗದ್ದೆಗೆ.

ಒಂದು ಕಡೆ ಹೊಳೆ, ಒಂದು ಕಡೆ ಕಡಲು,
ನಡುವೆ ಗುಳ್ಳದ ಸಾಲು. ಸಾಲಿನ ಕೊನೆಗೆ
ನೀಲಿ ಟಾರ್ಪಾಲು, ಅದರೊಳಗೆ ಯಲಬುರ್ಗಾ.
ರೊಟ್ಟಿ ಬಡಿಯುವ ಸದ್ದು ನಿಂತಿತು.
'ನರ್ಸಕ್ಕಾರು ಬಂದಾರ, ಏಳ್ರಿ'
ಎಂದವಳು ಹುಲಿಗೆಮ್ಮ. ತಾನು ಏಳಲಿಲ್ಲ.

ಹೆಸರು? ಯಮನೂರಪ್ಪ.
ವಯಸ್ಸು? ನೀವ ನೋಡಿ ಬರಕೊಳ್ರಿ.
ವಿಳಾಸ? ಅವನು ತಲೆಯೆತ್ತಿ ಟಾರ್ಪಾಲು ನೋಡಿದ.
'ಮಟ್ಟು, ಹೊಳೆಬದಿ' ಎಂದು ಬರೆದೆ.
ಎಡಗೈ, ಉಂಗುರದ ಬೆರಳು.
ಚುಚ್ಚಿದೆ. ಬರಲಿಲ್ಲ. ಹಿಂಡಿದೆ. ಮತ್ತೆ ಚುಚ್ಚಿದೆ.
ಎಮ್ಮೆಯ ಗೊರಸಿನಂತೆ ಜಡ್ಡುಗಟ್ಟಿದ ತುದಿ.
'ಹಗಲೊತ್ತು ಬರಬೇಕಿತ್ರಿ ಅಕ್ಕಾರ,
ಬದನಿಮುಳ್ಳು ಪುಕ್ಕಟ ತಗೀತಿತ್ತು!'
ಎಲ್ಲರೂ ನಕ್ಕರು. ನಾನೂ ನಕ್ಕೆ,
ನಗುತ್ತಲೇ ಮೂರನೆಯ ಸಲ.

ಹುಲಿಗೆಮ್ಮನ ಸರದಿಗೆ ಹನ್ನೊಂದು ದಾಟಿತ್ತು.
ಸೀರೆಯಡಿ ಕಾಲು ಮುಚ್ಚಿಕೊಂಡೇ ಕೂತಿದ್ದಳು.
ಟಾರ್ಚು ಆ ಕಡೆ ಹೊರಳಿಸಿದವಳು
ಕೇಳಿರಲಿಲ್ಲವಲ್ಲ ಎಂದು ಆರಿಸಿದೆ.
ಕತ್ತಲಲ್ಲಿ ಅವಳೇ ನನ್ನ ಕೈ ಹಿಡಿದು
ತನ್ನ ಪಾದದ ಮೇಲಿಟ್ಟಳು.
ಒತ್ತಿದೆ. ಬೆರಳಿನ ಗುಳಿ ಹಾಗೇ ಉಳಿಯಿತು,
ಹಸಿ ಮರಳಿನಲ್ಲಿ ಅಲೆ ಬರುವವರೆಗೆ
ಉಳಿಯುವಂತೆ.
'ಧಣ್ಯಾರಿಗೆ ಹೇಳಬ್ಯಾಡ್ರಿ.'
ದಿನಾ ಎರಡು ಹೊತ್ತು ಹೀಗೆ ತೊಳೆಯಬೇಕು,
ಬೆರಳ ಸಂದು ಒರೆಸಬೇಕು ಎಂದು ತೋರಿಸಿ
ಸೋಪು, ಕೆಂಪು ಬಕೆಟು ಕೊಟ್ಟು ಬಂದೆ.

ವಾರ ಕಳೆದು ಲ್ಯಾಬಿನ ಚೀಟಿ.
ಹುಲಿಗೆಮ್ಮನ ಗಾಜಿನಲ್ಲಿ ಏನೂ ಇಲ್ಲ:
ಕಾಲು ಬಾತವರಲ್ಲಿ ಎಷ್ಟೋ ಸಲ
ಹುಳು ಕೆಲಸ ಮುಗಿಸಿ ಹೊರಟಿರುತ್ತದೆ.
ಇದ್ದದ್ದು ಯಮನೂರಪ್ಪನದರಲ್ಲಿ,
ಮೂರು ಸಲ ಚುಚ್ಚಿ ತೆಗೆದ ಆ ಹನಿಯಲ್ಲಿ.

'ಅಕುಲು ಪೋಯೆರ್ ಸಿಸ್ಟರ್,' ಗದ್ದೆಯ ವಾರಿಜಕ್ಕ.
ಕೋಟದ ಕಡೆ ಕಲ್ಲಂಗಡಿಗಂತೆ. ಅಲ್ಲ, ಹಿರಿಯಡ್ಕಕ್ಕಂತೆ.
ಬರೆದುಕೊಂಡ ನಂಬರು ಮೇಸ್ತ್ರಿಯದು,
ಅದೂ ಸ್ವಿಚ್ ಆಫ್.
ಟಾರ್ಪಾಲು ಬಿಚ್ಚಿದಲ್ಲಿ ನೆಲ ಬೆಳ್ಳಗಿತ್ತು,
ಮೂರು ಕಲ್ಲು, ಬೂದಿ, ಒಂದು ಹವಾಯಿ ಚಪ್ಪಲಿ.
ಬಕೆಟು ಹುಡುಕಿದೆ. ಇಲ್ಲ.
ಒಯ್ದಿದ್ದಾಳೆ.

ಹನ್ನೆರಡು ದಿನದ ಮಾತ್ರೆ ನನ್ನ ಬ್ಯಾಗಿನಲ್ಲೇ ಇದೆ,
ಊಟದ ಡಬ್ಬಿಯ ಪಕ್ಕ.
ಇದಕ್ಕೇನೂ ರಾತ್ರಿಯಾಗಬೇಕಿಲ್ಲ,
ಹಗಲಲ್ಲೇ ಕೊಡಬಹುದು.
ಭಾನುವಾರ ಕೋಟದ ರಸ್ತೆಯಲ್ಲಿ ಸ್ಕೂಟರು ನಿಲ್ಲಿಸಿ ನೋಡಿದೆ:
ಬಿಸಿಲು, ಬಳ್ಳಿ,
ಬಗ್ಗಿದ ಬೆನ್ನುಗಳು.
ಬೆರಳಾದರೆ ಗುರುತು ಹಿಡಿಯುತ್ತಿದ್ದೆ.