ಭೋಂಗಾ ಕೂಗ್ಯದೇನು

ಗಂಜಿನಿಂದ ಫೋನು. ಅಂಬಾರಾಯ ಮುನೀಮ:
"ಜಗದೇವಕ್ಕೋರೇ, ಧಾರಣಿ ಗುಂಡಿ ಒತ್ತೇ ಒತ್ತಾಕತ್ತೀನ್ರೀ,
ಮಾತೇ ಆಡವಲ್ದು. ಮುಂಜಾನಿ ಆಡಿತ್ತು,
ಈಗ ಸಿಟ್ಟಿಗೆದ್ದು ಕುಂತದ."
ಅವನ ಹಿಂದೆ ತೊಗರಿ ಸುರಿಯುವ ಸದ್ದು,
ಯಾರೋ ಕೆಮ್ಮಿದರು, ಯಾರೋ ಚೀಲಕ್ಕೆ ಬೈದರು.

ಸೇಡಂ ರಸ್ತೆಯ ನನ್ನ ಕೋಣೆಯಲ್ಲಿ
ಅದೇ ಪುಟ, ಅದೇ ಗುಂಡಿ.
ಒತ್ತಿದೆ. ಬಂತು. ಕೆಂಪು ತೊಗರಿ, ಬಿಳಿ ತೊಗರಿ, ಕಡ್ಲಿ, ಹೆಸರು.
"ನನ್ನ ಕಡೆ ಸರಿ ಅದ ನೋಡ್ರಿ."
"ನಿಮ್ಮ ಕಡೆ ಇದ್ರ ನಮಗೇನು ಬಂತ್ರೀ?" ಅಂದ.
ಬೈಗುಳವಲ್ಲ ಅದು, ಲೆಕ್ಕ.

ಮೂರು ದಿನ ಹುಡುಕಿದೆ.
ಒಳಗಿನದು ತೋರಿಸುವ ಕಿಟಕಿ ತೆರೆದರೆ ಎಲ್ಲ ನೆಟ್ಟಗೆ,
ಮುಚ್ಚಿದರೆ ಗುಂಡಿ ಮೂಕ;
ಸಾಹೇಬರು ಬಂದಾಗ ಮಾತ್ರ ಪಾಟಿ ಹಿಡಿಯುವ ಹುಡುಗನ ಹಾಗೆ.
ಕೊನೆಗೆ ಕಂಡಿತು ಮೂಲೆಯ ಸಣ್ಣ ಟಿಕ್ಕು:
ಕಿಟಕಿ ತೆರೆದಷ್ಟು ಹೊತ್ತು ಹಳೆಯದನ್ನು ಬಳಸಬೇಡ ಅಂತ
ಎಂದೋ ನಾನೇ ಹಾಕಿ ಮರೆತದ್ದು.
ಸುಳ್ಳು ಹೇಳುತ್ತಿದ್ದದ್ದು ಯಂತ್ರವಲ್ಲ.

ಸ್ಕ್ರಿಪ್ಟಿಗೆ ಅಸಿಂಕ್ ಅಂತ ಬರೆದವಳು ನಾನೇ.
ಯಾರಿಗೂ ಕಾಯಬೇಡ, ಬಂದ ಕೂಡಲೇ ಕೆಲಸಕ್ಕೆ ನಿಲ್ಲು ಅಂತ.
ಮೊದಲ ಸಲ ಅದು ಗಂಜಿನ ನೆಟ್‌ವರ್ಕಿನಲ್ಲಿ ಏದುತ್ತ ಬಂತು,
ಅಷ್ಟರಲ್ಲಿ ಗುಂಡಿ ಪುಟದ ಮೇಲೆ ಕೂತಾಗಿತ್ತು.
ಎರಡನೇ ಸಲ ಫೋನಿನ ಕಿಸೆಯೊಳಗೇ ಇತ್ತಲ್ಲ,
ಕರೆದದ್ದೇ ತಡ ಎದ್ದು ಓಡಿತು.
ಪುಟ ಇನ್ನೂ ತಲೆಬರಹ ಕಟ್ಟುತ್ತಿತ್ತು, ಗುಂಡಿ ಹುಟ್ಟಿರಲಿಲ್ಲ.
ನಲ್, ಅಂದಿತು ಕನ್ಸೋಲು,
ಕೆಂಪಕ್ಷರದಲ್ಲಿ, ಯಾವ ಮುನೀಮನೂ ನೋಡದ ಕಡೆ.

ಸರಿ, ಪುಟ ಸಿದ್ಧ ಅಂತ ಬ್ರೌಸರು ಕೂಗಲಿ,
ಕೂಗಿದ ಮೇಲೆ ಹೋಗು ಅಂದೆ. ಚಹಾ ಕುಡಿದೆ.

ಮರುದಿನ ಅಂಬಾರಾಯ:
"ಈಗ ಮುಂಜಾನಿ ಆಡವಲ್ದು ನೋಡ್ರಿ, ಮಧ್ಯಾಹ್ನ ಆಡ್ತದ."

ನಕ್ಕೆ. ಆಮೇಲೆ ನಗು ನಿಂತಿತು,
ಯಾಕೆಂದರೆ ಶಹಾಬಾದಿನ ಆ ಕಲ್ಲು ನೆನಪಾಯಿತು.
ನನಗೆ ಒಂಬತ್ತು. ಕಾರ್ಖಾನೆ ಗೇಟಿನೆದುರು ಹಾಸುಗಲ್ಲು,
ತೊಡೆಯ ಮೇಲೆ ಅಪ್ಪನ ಬುತ್ತಿ, ಎರಡು ರೊಟ್ಟಿ, ಪುಂಡಿಪಲ್ಯ.
"ಭೋಂಗಾ ಕೂಗಿದ ಮ್ಯಾಲೆ ಕೊಡು" ಅಂದಿದ್ದಳು ಅವ್ವ.
ದಾರಿಯಲ್ಲಿ ಚಪ್ಪಲಿ ಹರಿದು ಮೋಚಿಯ ಹತ್ತಿರ ಕೂತಿದ್ದೆ,
ಅವನ ಸುತ್ತಿಗೆಯ ಸದ್ದಿನಲ್ಲಿ ಅದು ಕೂಗಿ ಹೋಗಿತ್ತು.
ನನಗೇನು ಗೊತ್ತು. ಕಾದೆ.
ಬಿಸಿಲು ಕಲ್ಲಿನಿಂದ ಕಲ್ಲಿಗೆ ಸರಿಯಿತು,
ಬುಟ್ಟಿಯ ಬಟ್ಟೆಗೆ ಸಿಮೆಂಟಿನ ದೂಳು ಕೂತಿತು,
ನಾನು ಕಿವಿಯಾಗಿ ಕೂತೆ.
ಸಂಜೆ ಅಪ್ಪ ಬಂದ, ಹಸಿದು, ಬಿಳಿ ರೆಪ್ಪೆಯವನಾಗಿ.
ಹೊಡೆಯಲಿಲ್ಲ. "ಕೂಗ್ಯದೇನು ಅಂತ ಒಂದು ಮಾತು
ಯಾರನ್ನರ ಕೇಳಬಾರದಾಗಿತ್ತಾ?" ಅಂದ.
ಅಲ್ಲೇ ಕೂತು ತಣ್ಣನೆ ರೊಟ್ಟಿ ತಿಂದೆವು, ಇಬ್ಬರೂ.

ಈಗ ಬರೆದದ್ದು ನಾಲ್ಕೇ ಸಾಲು.
ಪುಟ ಇನ್ನೂ ಬರುತ್ತಿದೆಯೋ? ಹಾಗಾದರೆ ಕಾಯಿ.
ಬಂದಾಗಿದೆಯೋ? ಕೂಗಿಗೆ ಕೂರಬೇಡ, ಈಗಲೇ ಹೋಗು.
ಅಪ್ಪ ಓದಿದವನಲ್ಲ,
ಆ ಸಾಲು ಮಾತ್ರ ಅವನದು.

ಎರಡು ದಿನ ಗಂಜಿನಿಂದ ಫೋನಿಲ್ಲ.
ಸರಿಹೋಯಿತೋ, ಒತ್ತುವುದನ್ನೇ ಬಿಟ್ಟರೋ.
ಮೂರನೆಯ ದಿನ ಕಾಯಲಿಲ್ಲ, ನಾನೇ ಮಾಡಿದೆ.
"ಅಂಬಾರಾಯಣ್ಣ, ಗುಂಡಿ ಆಡ್ಲಿಕತ್ತದೇನ್ರಿ?"
"ಜರಾ ತಡೀರಿ ಅಕ್ಕೋರೇ, ಸವಾಲು ನಡದದ" ಅಂದ,
ಫೋನನ್ನು ಚೀಲಗಳ ಮೇಲೆ ಇಟ್ಟಿರಬೇಕು.
ಕಿವಿಯಲ್ಲಿ ತೊಗರಿ ಸುರಿಯುತ್ತಿತ್ತು.