ತತ್ಸಮಾನ

ಅರ್ಜಿ ಸಂಖ್ಯೆ ನಲವತ್ತೊಂದು.
ಸಿಯೋನಾ ಪೇಣಕರ್, ತಂದೆ ಎಲಿಜಾ,
ಮರಳೂರು ದಿಣ್ಣೆ, ತುಮಕೂರು.
ಯೆಹೂದಿ ಧರ್ಮಶಾಸ್ತ್ರದಲ್ಲಿ
ಆರು ಪರೀಕ್ಷೆ ಪಾಸಾಗಿದ್ದೇನೆ,
ಬಿ.ಎ.ಗೆ ಕ್ರೆಡಿಟ್ ದಯಪಾಲಿಸಬೇಕಾಗಿ ಕೋರಿಕೆ.

ಸಮಾನತೆ ವಿಭಾಗದಲ್ಲಿ ಹದಿನೇಳು ವರ್ಷ ಕೂತವಳು ನಾನು.
ಬಿಹಾರದ ಮಧ್ಯಮಾ, ಅಲಿಗಢದ ಅದೀಬ್,
ಸಂಸ್ಕೃತದ ಕಾವ್ಯ, ಹಿಂದಿಯ ರತ್ನ,
ಎಲ್ಲಕ್ಕೂ ಸುತ್ತೋಲೆಯಿದೆ, ತೂಕದ ಕಲ್ಲಿದೆ.
ಇದಕ್ಕೆ ಕಲ್ಲಿಲ್ಲ.

ಊಟದ ಡಬ್ಬಿ ಪಕ್ಕಕ್ಕೆ ಸರಿಸಿ
ಲಗತ್ತಿಸಿದ ಪಠ್ಯ ಓದುತ್ತೇನೆ.
ದಾರಿಯಲ್ಲಿ ಚೆಲ್ಲಿದ ಕಾಸು ಸಿಕ್ಕವನದು.
ಒಂದರ ಮೇಲೊಂದು ಪೇರಿಸಿದ್ದರೆ
ಯಾರೋ ಇಟ್ಟದ್ದು, ಊರಿಗೆ ಸಾರಬೇಕು.
ಮಾಂಸದ ಪಾತ್ರೆಗೆ ಹಾಲಿನ ಹನಿ ಬಿದ್ದರೆ
ಹನಿಗೆ ಅರವತ್ತು ಪಾಲು ಲೆಕ್ಕ ಹಾಕಬೇಕು.
ಇದು ಕಾನೂನೋ, ಗೃಹವಿಜ್ಞಾನವೋ, ಗಣಿತವೋ?
ನಮೂನೆಯಲ್ಲಿರುವುದು ಒಂದೇ ಚೌಕ.

ಕಲಿಕೆಯ ಗಂಟೆಗಳು ಎಂಬ ಅಂಕಣ ಖಾಲಿ ಬಿಟ್ಟಿದ್ದಳು.
ಕರೆಸಿದೆ.
‘ಎಷ್ಟು ಗಂಟೆ ಓದಿದೆ ಅಂತ ತುಂಬಬೇಕಮ್ಮ.’
‘ಅಜ್ಜಿ ಜೊತೆ ಪಾತ್ರೆ ತೊಳೀತಾ ಕಲಿತಿದ್ದು ಮೇಡಂ,
ಅದನ್ನ ಹೆಂಗೆ ಎಣಿಸೋದು?’

ಅವಳಪ್ಪ ಎಚ್ಚೆಮ್ಟಿಯಲ್ಲಿ ಗಡಿಯಾರ ಕೂಡಿಸುತ್ತಿದ್ದವರು.
ಕಾರ್ಖಾನೆ ಮುಚ್ಚಿತು. ಈಗ ಚರ್ಚ್ ಸರ್ಕಲ್ ಹತ್ತಿರ
ಒಂದು ಮೇಜು, ಒಂದು ಕಣ್ಗನ್ನಡಿ, ಸಣ್ಣ ಚಿಮಟ.
ಊರಿನವರ ಹೊತ್ತೆಲ್ಲ ಸರಿಮಾಡುವ ಮನುಷ್ಯ
ಶುಕ್ರವಾರ ಸಂಜೆ ಮಾತ್ರ ಮುಳ್ಳು ನೋಡುವುದಿಲ್ಲವಂತೆ;
ಅಮಾನಿಕೆರೆಯ ನೀರು ಕೆಂಪಾಗುವುದನ್ನು ನೋಡಿ
ಬಾಗಿಲೆಳೆದು ನಡೆಯುತ್ತಾರಂತೆ.
ಅವರಿಗೆ ದಿನ ಹುಟ್ಟುವುದೇ ಆಗ.

ನಮಗೆ ಆಗ ಒಲೆ ಆರಬೇಕು.
ನನ್ನಜ್ಜಿ ಜಿನ್ನಮ್ಮ, ಬಸದಿ ಬೆಟ್ಟದ ಬುಡದವಳು,
ಎರಡು ಮಡಿಕೆ ಬಟ್ಟೆಯಲ್ಲಿ ನೀರು ಸೋಸಿ,
ಬಟ್ಟೆಗಂಟಿದ ಕಾಣದ ಜೀವಗಳನ್ನು
ಹಿಂಡದೆ, ಕೊಡವದೆ,
ಸೇದಿದ ಬಾವಿಗೇ ಮೆಲ್ಲಗೆ ಇಳಿಸುತ್ತಿದ್ದಳು.
ಸ್ಕೂಲಿಂದ ನಾನು ತಡವಾಗಿ ಬಂದರೆ
ಬಾಗಿಲಲ್ಲಿ ನಿಂತು ಸೂರ್ಯನನ್ನೇ ಗದರುತ್ತಿದ್ದಳು:
‘ಇರೋ ಒಂದ್ಗಳಿಗೆ, ಮಗು ಉಣ್ಲಿ!’
ಹೆಬ್ಬೆಟ್ಟಿನ ಹೆಂಗಸು.
ಪ್ರಶ್ನೆಪತ್ರಿಕೆ ಯಾರು ಕೊಟ್ಟರು ಅವಳಿಗೆ?
ನಿನ್ನದು ಎಷ್ಟು ಗಂಟೆ, ಅಜ್ಜಿ?

ಮೇಲಿನಿಂದ ಟಿಪ್ಪಣಿ ಬಂತು:
ಪೂರ್ವನಿದರ್ಶನವಿಲ್ಲ. ಪರಿಶೀಲನಾ ಪರೀಕ್ಷೆ ನಡೆಸಿ ವರದಿ ಮಾಡಿ.
ಶನಿವಾರ, ಹತ್ತೂವರೆಗೆ.

ಓದಿ ನಕ್ಕೆ. ಅವಳು ನಗಲಿಲ್ಲ.
ಮೂರನೇ ಪತ್ರಿಕೆಯಲ್ಲೇ ಇತ್ತು:
ಆ ದಿನ ಬರೆಯುವಂತಿಲ್ಲ.
ಎರಡಕ್ಷರ ಸಾಕು, ದೊಡ್ಡ ದೋಷಕ್ಕೆ.
ಬಂದು ಬರೆದರೆ ಓದಿದ್ದು ಸುಳ್ಳು,
ಬರದಿದ್ದರೆ ಫೇಲು.
‘ಏನ್ಮಾಡ್ತೀಯ?’
‘ಬರಲ್ಲ ಮೇಡಂ.’
ದಿನ ಬದಲಿಸಿ ಅಂತ ಕೇಳಿಕೊಳ್ಳಲೂ ಇಲ್ಲ.
ನಾನು ಕೇಳಿದೆ. ಮೇಲಿನವರು ಫೋನಿಟ್ಟರು.

ಶನಿವಾರ ಕೊಠಡಿ ತೆರೆಸಿದೆ.
ಒಂದು ಬೆಂಚು, ಸೀಮೆಸುಣ್ಣದಲ್ಲಿ ನಲವತ್ತೊಂದು,
ಮೊಹರಾದ ಲಕೋಟೆ, ಒಂದು ಬಿಳಿ ಉತ್ತರಪತ್ರಿಕೆ.
ಜವಾನ ಮುದ್ದರಂಗಪ್ಪ ಆಕಳಿಸಿದ.
ಹನ್ನೊಂದು. ಹನ್ನೊಂದೂವರೆ.
ಹಾಜರಿ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ
ಗೈರು ಎಂದು ತುಂಬಬೇಕು, ನಿಯಮ.

ಗೈ. ರು.
ಎರಡೇ ಅಕ್ಷರ.
ಪೆನ್ನಿನ ಮುಚ್ಚಳ ಹಾಕಿದೆ.

ಸೋಮವಾರ ಅರ್ಧ ಪುಟ ವರದಿ ಬರೆದೆ:
ಅಭ್ಯರ್ಥಿಯು ವಿಷಯದಲ್ಲಿ ಪ್ರಾಯೋಗಿಕ ಪರಿಣತಿ ತೋರಿರುತ್ತಾರೆ.
ಕೆಳಗೆ ನನ್ನ ಕಿರುಸಹಿ, ‘ಪ’.
ಕಡತ ಮೇಲೆ ಹೋಗಿ ಮೂರು ತಿಂಗಳು.
ಇಳಿದಿಲ್ಲ.

ಈಚೆಗೆ ಐದೂವರೆಗೆಲ್ಲ ಕಿಟಕಿ ನೋಡುತ್ತೇನೆ.
ಡಬ್ಬಿಯಲ್ಲಿ ಉಳಿದ ಚಿತ್ರಾನ್ನವನ್ನು
ಬೆಳಕಿರುವಾಗಲೇ ತಿಂದು ಮುಗಿಸುತ್ತೇನೆ.
ಯಾವ ಅಂಕಣಕ್ಕೂ ಅಲ್ಲ.