ತೊಡೆಯ ಕೆಳಗೆ ಕೈ

ಸೊಹಾರ್ ಬಂದರಿನಲ್ಲಿ ನಾನು
ನಲವತ್ತು ಅಡಿಯ ಪೆಟ್ಟಿಗೆಗಳನ್ನು
ಹಡಗಿನ ಹೊಟ್ಟೆಯಿಂದ ಎತ್ತಿ
ಹಳದಿ ಗೆರೆಯ ಮೇಲೆ ಕೂರಿಸುವವನು,
ಒಂದು ಗೇಣು ಆಚೀಚೆ ಆಗದ ಹಾಗೆ.
ಮನೆಗೆ ಬಂದರೆ
ಒಂದು ಚಮಚ ಅನ್ನ
ಊರ್ವಿಯ ಬಾಯಿ ತಲುಪುವುದಿಲ್ಲ.

ಏಳು ತಿಂಗಳಿಗೇ ಹುಟ್ಟಿದವಳು.
ಮೂಗಿನ ನಳಿಗೆಯಲ್ಲಿ ಹಾಲಿಳಿದ ದಿನಗಳು
ಅವಳಿಗೆ ನೆನಪಿಲ್ಲ, ಗಂಟಲಿಗೆ ನೆನಪಿದೆ.
ಒಂದೇ ಒಂದು ಅಗುಳು ನಾಲಿಗೆಗೆ ಸಿಕ್ಕರೂ
ಕಣ್ಣು ತುಂಬಿ, ಕತ್ತು ಚಾಚಿ, ಓಕರಿಸಿ
ಕುಡಿದದ್ದೂ ಹೊರಗೆ.
ಹಾಗಾಗಿ ವರ್ಷವಿಡೀ ಎಲ್ಲವೂ ಮಿಕ್ಸಿಗೆ:
ಕುಂಬಳಕಾಯಿ, ಬೇಳೆ, ಮುಳ್ಳು ಬಿಡಿಸಿದ ಅಂಜಲು ಮೀನು,
ಎಲ್ಲದಕ್ಕೂ ಒಂದೇ ಮೈ,
ಗೋಡೆಗೆ ಬಳಿಯುವ ಪುಟ್ಟಿಯ ಹಾಗೆ.
ಮಿಕ್ಸಿ ನಿಂತಿತೆಂದರೆ ಪಕ್ಕದ ಫ್ಲ್ಯಾಟಿನವರಿಗೆ
ನಮ್ಮ ಮನೆಯ ಯುದ್ಧ ಶುರುವಾಯಿತೆಂದು ಗೊತ್ತು.

ಆಸ್ಪತ್ರೆಯಲ್ಲಿ ಸುಡಾನಿನ ಹೆಂಗಸು, ಇಹ್ಸಾನ್,
ಮಗುವಿನ ಬಾಯಿ ನೋಡಲಿಲ್ಲ, ನನ್ನ ಕೈ ನೋಡಿದಳು.
"ಇವನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರು.
ಅವಳು ಮುಟ್ಟಲಿ, ಹಿಚುಕಲಿ, ಎಸೆಯಲಿ.
ತಿನ್ನು ಎನ್ನಬೇಡ. ಶ್ವಯ್ಯ ಶ್ವಯ್ಯ."
ಅಂದರೆ ನಿಧಾನ, ಸ್ವಲ್ಪ ಸ್ವಲ್ಪ.
ತಲೆಯಾಡಿಸಿದೆ.
ತಲೆಯಾಡಿಸುವುದು ಸುಲಭ.

ನೆಲಕ್ಕೆ ಸುಫ್ರಾ ಹಾಸಿದೆ,
ಬಕಾಲೆಯಲ್ಲಿ ಸುರುಳಿಗಟ್ಟಲೆ ಸಿಗುವ ತೆಳು ಪ್ಲಾಸ್ಟಿಕ್ಕು,
ಮೇಲೆ ಗುಲಾಬಿಯ ಚಿತ್ರ.
ನಡುವೆ ಊರ್ವಿ, ಬರಿ ಡಯಾಪರಿನಲ್ಲಿ.
ಮೊದಲ ವಾರ ಬೆಂದ ಕ್ಯಾರೆಟ್ಟು:
ಹೆಂಚು ಮುಟ್ಟಿದವಳಂತೆ ಕೈ ಕೊಡವಿದಳು.
ಆಮೇಲೆ ಖುಬ್ಬೂಸಿನ ಚೂರು:
ತಲೆಯ ಮೇಲೆ ಇಟ್ಟುಕೊಂಡಳು.
ಮೂರನೆಯ ವಾರ ನಾನು ಸೋತು
ತೊಡೆಯಡಿಯಿಂದ ಒಂದು ಕೈ ಎಳೆದು
"ಒಂದೇ ಒಂದು, ಪುಟ್ಟಾ" ಎಂದು
ತುಟಿಯ ನಡುವೆ ತುರುಕಿದೆ.
ಆ ರಾತ್ರಿ ಹಾಲನ್ನೂ ಮುಟ್ಟಲಿಲ್ಲ.
ಪ್ರಫುಲ್ಲಾ ಏನೂ ಅನ್ನಲಿಲ್ಲ.
ಬೈದಿದ್ದರೆ ಒಳ್ಳೆಯದಿತ್ತು.

ಶುಕ್ರವಾರ ಸಂಜೆ ಕಡಲ ದಂಡೆ.
ಬಿಸಿಲಿಳಿದರೂ ಬೆಚ್ಚಗಿನ ಮರಳು,
ಕಂದೂರ ಎತ್ತಿ ಕಟ್ಟಿ ಚೆಂಡಾಡುವ ಹುಡುಗರು,
ದೂರದಲ್ಲಿ ನನ್ನದೇ ಕ್ರೇನು, ಇನ್ಯಾರದೋ ಕೈಯಲ್ಲಿ.
ಅವನು ಹೇಗೆ ಇಳಿಸುತ್ತಾನೆಂದು ನೋಡುತ್ತಿದ್ದೆ.
ತಿರುಗಿದರೆ
ಊರ್ವಿಯ ಬಾಯಿ ತುಂಬ ಮರಳು.
ಓಕರಿಕೆಯಿಲ್ಲ, ಅಳುವಿಲ್ಲ.
ಇರುವ ಆರು ಹಲ್ಲಿನಲ್ಲಿ
ಕರಕರ ಜಗಿಯುತ್ತಿದ್ದಾಳೆ
ಯಾರೂ ಕೊಡದ ತುತ್ತನ್ನು.
ಪ್ರಫುಲ್ಲಾ ಓಡಿಬಂದು ಬೆರಳು ಹಾಕಿ ತೆಗೆಯುವಷ್ಟರಲ್ಲಿ
ಅರ್ಧ ಒಮಾನು ಹೊಟ್ಟೆಗೆ ಹೋಗಿತ್ತು.
ಹೆದರಿಕೊಂಡೇ ನಕ್ಕೆವು ಇಬ್ಬರೂ.

ಮರುದಿನ ಬೆಳಿಗ್ಗೆ ರವೆ ಹುರಿದೆ,
ಊರಿಂದ ಬಂದ ದಪ್ಪ ರವೆ.
ಮೆತ್ತಗೆ ಬೇಯಿಸಿ, ಉದುರುದುರು ಮಾಡಿ, ಆರಿಸಿ
ಸುಫ್ರಾದ ಮೇಲೇ ಸುರಿದೆ, ತಟ್ಟೆಯಿಲ್ಲದೆ.
ಪಕ್ಕದಲ್ಲೊಂದು ಚಮಚ ಇಟ್ಟು
ನನ್ನ ಕೈಗಳ ಮೇಲೆ ನಾನು ಕೂತೆ.

ಗುಡ್ಡೆ ಮಾಡಿದಳು, ಕೆಡವಿದಳು.
ಚಮಚ ತುಂಬಿ ಎತ್ತುವಾಗ ಅದು ಮಗುಚಿ
ಬಾಯಿಗೆ ಬಂದದ್ದು ಬರಿಯ ಸ್ಟೀಲು.
ಮತ್ತೊಮ್ಮೆ. ಕಿವಿಗೆ ಹೋಯಿತು.
ಕ್ಯಾಬಿನ್ನಿನ ಹೊಸಬನಿಗೆ ಕೆಳಗಿನಿಂದ ಕೂಗುವ ಹಾಗೆ
ಎಡಕ್ಕೆ, ಇನ್ನೂ ಎಡಕ್ಕೆ, ಈಗ ಇಳಿಸು ಎಂದು
ಗಂಟಲವರೆಗೂ ಬಂತು. ನುಂಗಿಕೊಂಡೆ.
ಬೆರಳುಗಳಿಗೆ ಜೋಮು ಹಿಡಿಯಿತು.
ಆಮೇಲೆ ಚಮಚ ಬಿಸಾಕಿ
ಅಂಗೈಯನ್ನೇ ಬಾಯಿಗೆ ಒತ್ತಿಕೊಂಡಳು.
ತುಟಿ ಮುಚ್ಚಿತು.
ದವಡೆ ಒಮ್ಮೆ ಆಡಿತು, ನಿಂತಿತು.
ಅವಳು ನನ್ನನ್ನು ನೋಡಿದಳು.
ನಾನು ಎಸಿಯಿಂದ ತೊಟ್ಟಿಕ್ಕುವ ನೀರನ್ನು ನೋಡಿದೆ.
ದವಡೆ ಮತ್ತೆ ಆಡಿತು.

ಡ್ಯೂಟಿ ಮುಗಿಸಿ ಬಂದ ಪ್ರಫುಲ್ಲಾ
ಬಾಗಿಲಲ್ಲೇ ಕೇಳಿದಳು, ಎಷ್ಟು ತಿಂದಳು?
ಗೊತ್ತಿಲ್ಲ ಮಾರಾಯ್ತಿ.
ಹುರಿದದ್ದು ಒಂದು ಲೋಟ.
ನೆಲದಲ್ಲಿರುವುದನ್ನು ಕಳೆದು ನೋಡು,
ಅವಳ ಕೂದಲಲ್ಲಿರುವುದನ್ನೂ.